ರೈಜ್, ರೇಜ್ ಗೊಂದಲಕ್ಕೆ ಕನ್ನಡದಲ್ಲೇ ಉತ್ತರವಿದೆ

ಇಂಗ್ಲಿಷ್‌ನಲ್ಲಿ ಅರ್ಜಿ ಅಥವಾ ವರದಿ ಬರೆಯುವಾಗ ‘ರೈಜ್’ ಮತ್ತು ‘ರೇಜ್’ ಪದಗಳ ನಡುವೆ ಗೊಂದಲವಾದರೆ, ಆ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಅಲ್ಲಿ ‘ಏರು’ ಬರುತ್ತದೆಯೋ ‘ಏರಿಸು’ ಬರುತ್ತದೆಯೋ ಎಂದು ನೋಡಿ. ಬೆಲೆ ತಾನಾಗಿ ಏರಿದರೆ ‘ರೈಜ್’, ಅಂಗಡಿಯವರು ಬೆಲೆ ಏರಿಸಿದರೆ ‘ರೇಜ್’. ಭೂತಕಾಲದಲ್ಲಿ ಮೊದಲನೆಯದು ‘ರೋಜ್’, ಎರಡನೆಯದು ‘ರೇಜ್ಡ್’. ನಮ್ಮ ‘ಇಸು’ ಪ್ರತ್ಯಯದ ಕೆಲಸವನ್ನು ಅಲ್ಲಿ ಬೇರೆಯೇ ಪದ ಮಾಡುತ್ತದೆ ಎಂಬುದನ್ನು ಶಾಲೆಯಲ್ಲೇ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಪ್ರಶ್ನೆ ಎತ್ತುವುದಕ್ಕೂ, ಮಕ್ಕಳನ್ನು ಸಾಕಿ ಬೆಳೆಸುವುದಕ್ಕೂ ‘ರೇಜ್’ ಸಲ್ಲುತ್ತದೆ; ಆದರೆ ನಿಷೇಧವನ್ನು ತೆರವುಗೊಳಿಸುವುದಕ್ಕೆ ಸಾಮಾನ್ಯವಾಗಿ ‘ಲಿಫ್ಟ್’ ಎಂದು ಬರೆಯುತ್ತಾರೆ. ‘ಇಂಪ್ರೂವ್’ ಮಾತ್ರ ನಮ್ಮ ‘ಸುಧಾರಿಸು’ ಇದ್ದಂತೆ: ಆರೋಗ್ಯ ತಾನಾಗಿ ಸುಧಾರಿಸಿದರೂ, ರಸ್ತೆಯನ್ನು ಯಾರಾದರೂ ಸುಧಾರಿಸಿದರೂ ಪದ ಒಂದೇ.