ಫಿಟ್‌ನೆಸ್ ಬ್ಯಾಂಡ್: ಕೊಳ್ಳುವ ಮುಂಚೆ, ಕಟ್ಟಿಕೊಂಡ ಮೇಲೆ

ನಾನು ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರು, ಬೆನ್ನು ನೋವಿನವರು, ಕೂತು ಕೂತು ಸೊಂಟ ಹಿಡಿದುಕೊಂಡವರು, ಇವರನ್ನೆಲ್ಲ ಮತ್ತೆ ನಡೆಸುವುದು ನನ್ನ ಕೆಲಸ. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಬಹಳ ಜನ ಕೇಳುತ್ತಾರೆ: "ಯಾವ ಬ್ಯಾಂಡ್ ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ: "ಅದರಿಂದ ನಿಮಗೆ ಏನು ಗೊತ್ತಾಗಬೇಕು?"

ಇದಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದ ಹಾಗೆ. ದಿನಕ್ಕೆ ಎಷ್ಟು ಓಡಾಡುತ್ತೇನೆ ಅಂತ ತಿಳಿದರೆ ಸಾಕಾ? ಹಾಗಾದರೆ ಅತಿ ಸರಳವಾದ ಬ್ಯಾಂಡ್ ಸಾಕು. ನಡೆಯುವಾಗ ಎದೆಬಡಿತ ಎಷ್ಟು ಏರುತ್ತದೆ ಅಂತಲೂ ನೋಡಬೇಕಾ? ಬಡಿತ ಅಳೆಯುವ ಸೆನ್ಸರ್ ಇರುವುದನ್ನು ನೋಡಿ. ಓಡಿದ ದಾರಿ, ಸೈಕಲ್ ತುಳಿದ ದೂರ ಸರಿಯಾಗಿ ಬೇಕು ಅನ್ನುವವರಿಗೆ ಮಾತ್ರ ಜಿಪಿಎಸ್ ಬೇಕು. ಅದರಲ್ಲೂ ಎರಡು ಬಗೆ. ಕೆಲವು ಬ್ಯಾಂಡ್‌ಗಳಲ್ಲಿ ಜಿಪಿಎಸ್ ಒಳಗೇ ಇರುತ್ತದೆ. ಉಳಿದವು ನಿಮ್ಮ ಫೋನಿನ ಜಿಪಿಎಸ್ ಬಳಸಿಕೊಳ್ಳುತ್ತವೆ, ಅಂದರೆ ಫೋನ್ ಜೇಬಿನಲ್ಲಿ ಇರಲೇಬೇಕು. ಡಬ್ಬದ ಮೇಲೆ ಬರೀ "ಜಿಪಿಎಸ್" ಅಂತ ಬರೆದಿದ್ದರೆ ಯಾವ ಬಗೆ ಅಂತ ಕೇಳಿ ತಿಳಿದುಕೊಳ್ಳಿ.

ಅದು ಹೇಗೆ ಎಣಿಸುತ್ತದೆ

ಇದನ್ನು ತಿಳಿದುಕೊಂಡರೆ ಮುಂದೆ ಬರುವ ಎಷ್ಟೋ ಗೊಂದಲ ತಪ್ಪುತ್ತದೆ. ಬ್ಯಾಂಡ್ ನಿಮ್ಮ ಪಾದವನ್ನು ನೋಡುವುದಿಲ್ಲ. ಅದರೊಳಗೆ ಆಕ್ಸೆಲೆರೋಮೀಟರ್ ಅನ್ನುವ ಪುಟ್ಟ ಸೆನ್ಸರ್ ಇರುತ್ತದೆ. ಅದು ಮೂರು ದಿಕ್ಕಿನಲ್ಲಿ ಆಗುವ ಚಲನೆಯನ್ನು ಅಳೆಯುತ್ತದೆ. ನಡೆಯುವಾಗ ಕೈ ಒಂದೇ ಲಯದಲ್ಲಿ ಬೀಸುತ್ತದೆ, ಮೈ ಮೇಲೆ ಕೆಳಗೆ ಆಡುತ್ತದೆ. ಆ ಲಯ ಕಂಡರೆ ಹೆಜ್ಜೆ ಅಂತ ಲೆಕ್ಕ.

ಕೈ ಬೀಸದಿದ್ದರೆ? ಹೆಜ್ಜೆ ಕಡಿಮೆ ಬೀಳುತ್ತದೆ. ವಾಕರ್ ಹಿಡಿದು ನಡೆಯುವವರಲ್ಲಿ ನಾನು ಇದನ್ನು ದಿನವೂ ನೋಡುತ್ತೇನೆ. ಕಾರಿಡಾರ್ ಉದ್ದಕ್ಕೂ ಕಷ್ಟಪಟ್ಟು ನಡೆದು ಬಂದು ಕೈ ನೋಡಿಕೊಂಡರೆ ಸಂಖ್ಯೆ ಏರಿರುವುದೇ ಇಲ್ಲ. ಮುಖ ಬಾಡುತ್ತದೆ. ಮಗುವಿನ ತಳ್ಳುಗಾಡಿ ದೂಡುವವರಿಗೆ, ಟ್ರೆಡ್‌ಮಿಲ್‌ನ ಕಂಬಿ ಹಿಡಿದು ನಡೆಯುವವರಿಗೆ, ಎರಡೂ ಕೈಯಲ್ಲಿ ಚೀಲ ಹೊತ್ತು ಬರುವವರಿಗೆ ಇದೇ ಗತಿ. ಇಂಥವರಿಗೆ ಬ್ಯಾಂಡನ್ನು ಕಣಕಾಲಿಗೆ ಕಟ್ಟಿ ನೋಡಿ ಅನ್ನುತ್ತೇನೆ, ಇಲ್ಲವೇ ಸೊಂಟಕ್ಕೆ ಸಿಕ್ಕಿಸುವ ಮಾದರಿ ತಗೊಳ್ಳಿ ಅನ್ನುತ್ತೇನೆ. ವಾಕರ್ ಹಿಡಿದು ತೀರಾ ನಿಧಾನ ನಡೆಯುವವರಿಗೆ ಸೊಂಟಕ್ಕಿಂತ ಕಣಕಾಲೇ ವಾಸಿ. ಜೇಬಿನಲ್ಲಿಟ್ಟ ಫೋನ್ ಕೂಡ ಹೆಜ್ಜೆ ಎಣಿಸುತ್ತದೆ, ಮರೆಯಬೇಡಿ. ಇನ್ನು ಕೂತಲ್ಲೇ ಚಪ್ಪಾಳೆ ತಟ್ಟಿದರೂ ಕೆಲವು ಹೆಜ್ಜೆ ಸೇರಿಕೊಳ್ಳುತ್ತವೆ. ದಿನದ ಕೊನೆಗೆ ನೂರಿನ್ನೂರು ಆಚೀಚೆ ಆಗುವುದು ಸಹಜ.

ಎದೆಬಡಿತಕ್ಕೆ ಬ್ಯಾಂಡಿನ ಅಡಿಯಲ್ಲಿ ಮಿನುಗುವ ಹಸಿರು ಬೆಳಕು ಇರುತ್ತದಲ್ವಾ? ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿಯ ನಾಳಗಳಲ್ಲಿ ರಕ್ತ ಏರಿ ಇಳಿಯುತ್ತದೆ, ವಾಪಸ್ ಬರುವ ಬೆಳಕೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಆ ಏರಿಳಿತವೇ ನಿಮ್ಮ ಬಡಿತ. ಬ್ಯಾಂಡ್ ಸಡಿಲವಾಗಿದ್ದರೆ, ಕೈ ತಣ್ಣಗಿದ್ದರೆ, ಆ ಜಾಗದಲ್ಲಿ ದಟ್ಟ ಹಚ್ಚೆ ಇದ್ದರೆ ಅಳತೆ ತಪ್ಪುತ್ತದೆ. ತೂಕ ಎತ್ತುವಾಗ ಮಣಿಕಟ್ಟು ಮಡಚುವುದರಿಂದಲೂ ತಪ್ಪುತ್ತದೆ. ಗಂಭೀರವಾಗಿ ಓಟದ ತರಬೇತಿ ಮಾಡುವವರು ಎದೆಗೆ ಕಟ್ಟುವ ಪಟ್ಟಿ ಬಳಸುವುದು ಇದಕ್ಕೇ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ.

ಕೊಳ್ಳುವಾಗ

ಜನ ಫೀಚರ್‌ಗಳ ಪಟ್ಟಿ ಉದ್ದ ಇರುವುದನ್ನು ಆರಿಸುತ್ತಾರೆ. ನಾನು ಮೊದಲು ನೋಡುವುದು ಪಟ್ಟಿಯನ್ನು, ಅಂದರೆ ಕೈಗೆ ಕಟ್ಟುವ ಪಟ್ಟಿಯನ್ನು. ಅದು ಮೃದುವಾಗಿದೆಯಾ? ಒಂದೇ ಕೈಯಲ್ಲಿ ಹಾಕಿ ತೆಗೆಯಲು ಆಗುತ್ತದಾ? ಸಂಧಿವಾತದಿಂದ ಬೆರಳು ಬಿಗಿದವರಿಗೆ ಪುಟ್ಟ ಗುಂಡಿ ಒತ್ತಿ ಸೇರಿಸುವ ಪಟ್ಟಿ ದೊಡ್ಡ ಹಿಂಸೆ. ಅವರಿಗೆ ವೆಲ್ಕ್ರೋ ಪಟ್ಟಿ ಒಳ್ಳೆಯದು. ಹರಿದರೆ ಬೇರೆ ಪಟ್ಟಿ ಸಿಗುತ್ತದಾ ಅಂತಲೂ ಕೇಳಿ. ಕೈಗೆ ಹಿತವಿಲ್ಲದ ಬ್ಯಾಂಡ್ ತಿಂಗಳೊಳಗೆ ಡ್ರಾಯರ್ ಸೇರುತ್ತದೆ.

ಆಮೇಲೆ ಪರದೆ. ಬಿಸಿಲಿನಲ್ಲಿ ನಿಂತು ಓದಿ ನೋಡಿ. ಕನ್ನಡಕ ಇಲ್ಲದೆಯೂ ಹೆಜ್ಜೆಯ ಸಂಖ್ಯೆ ಕಾಣಬೇಕು. ಬ್ಯಾಟರಿ ಒಂದು ವಾರ ಬಂದರೆ ನೆಮ್ಮದಿ. ಸದಾ ಉರಿಯುವ ಪರದೆ, ಒಳಗಿನ ಜಿಪಿಎಸ್, ನಿರಂತರ ಬಡಿತದ ಅಳತೆ, ಈ ಮೂರೂ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತವೆ. ಡಬ್ಬದ ಮೇಲಿನ ದಿನಗಳ ಲೆಕ್ಕ ಹೆಚ್ಚಾಗಿ ಇವನ್ನು ಆಫ್ ಮಾಡಿದಾಗಿನ ಲೆಕ್ಕ.

ನೀರಿನ ವಿಷಯ. "5 ಎಟಿಎಂ" ಅಂತ ಇದ್ದರೆ ನಿಂತ ನೀರಿನಲ್ಲಿ 50 ಮೀಟರ್ ಆಳದ ಒತ್ತಡಕ್ಕೆ ಪರೀಕ್ಷೆ ಮಾಡಿದ್ದಾರೆ ಅಂತ. ಅಷ್ಟು ಆಳಕ್ಕೆ ಧುಮುಕಬಹುದು ಅಂತ ಅಲ್ಲ. ಕೊಳದಲ್ಲಿ ಈಜಲು ಸಾಕು. ಆದರೆ ಬಿಸಿ ನೀರು, ಸೋಪು, ಹಬೆ ಒಳಗಿನ ರಬ್ಬರ್ ಅಂಚುಗಳನ್ನು ನಿಧಾನವಾಗಿ ಕೆಡಿಸುತ್ತವೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಚಾರ್ಜಿಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಆಪ್ ನೋಡದೆ ಬ್ಯಾಂಡ್ ಕೊಳ್ಳಬೇಡಿ. ನಿಮ್ಮ ಫೋನಿನಲ್ಲಿ ಅದು ನಡೆಯುತ್ತದಾ? ಅಕೌಂಟ್ ಇಲ್ಲದೆ ಕೆಲಸ ಮಾಡುತ್ತದಾ? ನಡೆದ ದಾರಿಯ ನಕ್ಷೆ ಯಾರಿಗೆಲ್ಲ ಕಾಣುತ್ತದೆ? 2018ರಲ್ಲಿ, ಓಡಿದ ದಾರಿ ದಾಖಲಿಸುವ ಸ್ಟ್ರಾವಾ ಆಪ್‌ನ ಜಾಗತಿಕ ನಕ್ಷೆಯಲ್ಲಿ ಸೈನಿಕರು ನೆಲೆಯೊಳಗೆ ಓಡುತ್ತಿದ್ದ ದಾರಿಗಳೇ ಎದ್ದು ಕಂಡವು. ಬೆಳಗಿನ ವಾಕಿಂಗ್ ಮನೆ ಬಾಗಿಲಿಂದ ಶುರುವಾಗುವ ನಮಗೂ ಇದು ಅನ್ವಯಿಸುತ್ತದೆ. ನಕ್ಷೆಯನ್ನು "ನನಗೆ ಮಾತ್ರ" ಅಂತ ಇಟ್ಟುಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೂಜಿ ಚುಚ್ಚದೆ, ಬರೀ ಕೈಗೆ ಕಟ್ಟಿ ಸಕ್ಕರೆ ಅಳೆಯುತ್ತೇವೆ ಅನ್ನುವ ವಾಚು, ಉಂಗುರ ಯಾವುದನ್ನೂ ನಂಬಬೇಡಿ. ಅಂಥವನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ತಪ್ಪು ಸಂಖ್ಯೆ ನೋಡಿ ಇನ್ಸುಲಿನ್ ಜಾಸ್ತಿ ಮಾಡಿಕೊಂಡರೆ ಜೀವಕ್ಕೇ ಅಪಾಯ. ಅಗ್ಗದ ಬ್ಯಾಂಡ್ ತೋರಿಸುವ ಬಿಪಿಯನ್ನು ನೋಡಿ ಮಾತ್ರೆ ಬದಲಿಸುವುದೂ ಬೇಡ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಯಂತ್ರವೇ ಅದಕ್ಕೆ ಸರಿ. ಪೇಸ್‌ಮೇಕರ್ ಇರುವವರು ಮ್ಯಾಗ್ನೆಟ್ ಇರುವ ಪಟ್ಟಿ ಮತ್ತು ಚಾರ್ಜರನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ಕೊಳ್ಳುವ ಮೊದಲೇ ವೈದ್ಯರನ್ನು ಕೇಳಿ.

ಕಟ್ಟಿಕೊಂಡ ಮೊದಲ ವಾರ

ಎತ್ತರ, ತೂಕ, ವಯಸ್ಸು ಸರಿಯಾಗಿ ತುಂಬಿ. ಯಾವ ಕೈಗೆ ಕಟ್ಟಿದ್ದೀರಿ ಅಂತ ಸೆಟ್ಟಿಂಗ್ ಇದ್ದರೆ ಅದನ್ನೂ ತುಂಬಿ. ಕೆಲಸ ಜಾಸ್ತಿ ಮಾಡದ ಕೈಗೆ ಕಟ್ಟುವುದು ಒಳ್ಳೆಯದು. ಮಣಿಕಟ್ಟಿನ ಮೂಳೆಯ ಮೇಲೆ ಬೇಡ, ಅದರಿಂದ ಒಂದು ಬೆರಳಿನಷ್ಟು ಮೇಲಕ್ಕೆ ಇರಲಿ. ಜಾರಬಾರದು, ಚರ್ಮದಲ್ಲಿ ಗುರುತೂ ಬೀಳಬಾರದು. ವ್ಯಾಯಾಮದ ಹೊತ್ತಿಗೆ ಇನ್ನೊಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ.

ದೂರ ತಪ್ಪು ತೋರಿಸುತ್ತದೆ ಅನಿಸಿದರೆ ಹೆಜ್ಜೆಯ ಉದ್ದ ಸರಿಪಡಿಸಬೇಕು. ಪೂರ್ಣ ಅಳತೆಯ ಓಟದ ಟ್ರ್ಯಾಕಿನ ಅತಿ ಒಳಗಿನ ಲೇನ್ ಒಂದು ಸುತ್ತಿಗೆ 400 ಮೀಟರ್. ನಿಮ್ಮ ಮಾಮೂಲಿ ನಡಿಗೆಯಲ್ಲಿ ಒಂದು ಸುತ್ತು ಹಾಕಿ, ಹೆಜ್ಜೆಗಳನ್ನು ನೀವೇ ಎಣಿಸಿ. 400 ಅನ್ನು ಆ ಸಂಖ್ಯೆಯಿಂದ ಭಾಗಿಸಿ. 600 ಹೆಜ್ಜೆ ಆಗಿದ್ದರೆ ನಿಮ್ಮ ಹೆಜ್ಜೆ ಸುಮಾರು 67 ಸೆಂಟಿಮೀಟರ್. ಅದನ್ನು ಆಪ್‌ನಲ್ಲಿ ಹಾಕಿ.

ಆ ವಾರ ಗುರಿ ಇಟ್ಟುಕೊಳ್ಳಬೇಡಿ. ಸುಮ್ನೆ ಎಂದಿನಂತೆ ಇರಿ. ಏಳು ದಿನದ ಸರಾಸರಿ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಇಡೀ ಬ್ಯಾಂಡಿನಲ್ಲಿ ಅತಿ ಬೆಲೆಬಾಳುವ ಸಂಖ್ಯೆ ಇದೇ. ಬ್ಯಾಂಡಿನ ಅಳತೆಯಲ್ಲಿ ತಪ್ಪು ಇದ್ದರೂ ಅದೇ ಕೈ, ಅದೇ ಬ್ಯಾಂಡ್ ಆಗಿದ್ದರೆ ತಪ್ಪು ಹೆಚ್ಚುಕಡಿಮೆ ದಿನವೂ ಒಂದೇ ರೀತಿ ಇರುತ್ತದೆ. ಹಾಗಾಗಿ ನಿಮ್ಮ ಕಳೆದ ವಾರವನ್ನು ಈ ವಾರದ ಜೊತೆ ಹೋಲಿಸುವುದು ನ್ಯಾಯ. ಬೇರೆ ಕಂಪನಿಯ ಬ್ಯಾಂಡ್ ಕಟ್ಟಿದ ಗೆಳೆಯರ ಸಂಖ್ಯೆಯ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

10,000 ಬೇಕೇ ಬೇಕಾ?

ಬೇಕಿಲ್ಲ. ಹೆಚ್ಚಿನ ಬ್ಯಾಂಡ್‌ಗಳು ಪೆಟ್ಟಿಗೆಯಿಂದ ಬರುವಾಗಲೇ ಈ ಗುರಿ ಹೊತ್ತು ಬರುತ್ತವೆ. ಆದರೆ ಈ ಸಂಖ್ಯೆ ಹರಡಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಪ್ರಚಾರದಿಂದ, ಯಾವುದೇ ವೈದ್ಯಕೀಯ ಪರೀಕ್ಷೆಯಿಂದ ಅಲ್ಲ. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಗಾರರು ಸರಾಸರಿ 72 ವಯಸ್ಸಿನ ಸುಮಾರು 16,700 ಮಹಿಳೆಯರ ಹೆಜ್ಜೆ ಲೆಕ್ಕ ನೋಡಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ ಸುಮಾರು 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆರೋಗ್ಯವಾಗಿ ಇರುವವರೇ ಹೆಚ್ಚು ನಡೆಯುತ್ತಾರೆ ಅನ್ನುವುದೂ ಇದರಲ್ಲಿ ಸೇರಿರಬಹುದು. ಆದರೂ ಆಪರೇಷನ್ ಆಗಿ 2,000ದಲ್ಲಿ ಇರುವವರಿಗೆ ಈ ಅಧ್ಯಯನದ ವಿಷಯ ಹೇಳುವಾಗ ನನಗೆ ಖುಷಿ. ಮುಟ್ಟಲಾಗದ ಬೆಟ್ಟ ಕಣ್ಣೆದುರು ಇರುವುದಿಲ್ಲ.

ನಿಮ್ಮ ಸರಾಸರಿಗೆ 500 ಹೆಜ್ಜೆ ಸೇರಿಸಿ. ಅದು ಸಲೀಸಾದ ಮೇಲೆ ಇನ್ನೊಂದು 500. ಹೆಜ್ಜೆಗಳ ಜೊತೆ ವೇಗವನ್ನೂ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕು ಅನ್ನುತ್ತದೆ. ಹೆಚ್ಚಿನವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಅಂದರೆ ಮಧ್ಯಮ ಶ್ರಮ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಾರ್ಗಸೂಚಿ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ಬ್ಯಾಂಡ್ ಸರಿಯಾಗಿ ಎಣಿಸುವುದಿಲ್ಲ. ಎಣಿಸಲ್ಲ ಅಂತ ಬಿಟ್ಟುಬಿಡಬೇಡಿ, ಮಂಡಿಗೆ ಅದರಷ್ಟು ಒಳ್ಳೆಯದು ಕಡಿಮೆ.

"ಎದ್ದು ಓಡಾಡಿ" ಅಂತ ಗಂಟೆಗೊಮ್ಮೆ ನಡುಗುವ ಸೌಲಭ್ಯ ಇದ್ದರೆ ಆನ್ ಮಾಡಿ. ಸೊಂಟ ನೋವಿನವರಿಗೆ ಇಡೀ ಬ್ಯಾಂಡಿನಲ್ಲಿ ನನಗೆ ಇಷ್ಟವಾದ ಗುಣ ಅದು. ಮೆಸೇಜು, ಕರೆ, ಸುದ್ದಿ ಬಂದಾಗಲೆಲ್ಲ ನಡುಗುವುದನ್ನು ಮಾತ್ರ ಆಫ್ ಮಾಡಿ. ಎಲ್ಲಕ್ಕೂ ನಡುಗಿದರೆ ಯಾವುದಕ್ಕೂ ಏಳುವುದಿಲ್ಲ.

ಯಾವ ಸಂಖ್ಯೆಗೆ ಎಷ್ಟು ಬೆಲೆ

ಹೆಜ್ಜೆಯ ನಂತರ ನಾನು ಬೆಲೆ ಕೊಡುವುದು ವಿಶ್ರಾಂತಿಯಲ್ಲಿರುವಾಗಿನ ಎದೆಬಡಿತಕ್ಕೆ. ದೊಡ್ಡವರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ಚೆನ್ನಾಗಿ ಪಳಗಿದ ಓಟಗಾರರಲ್ಲಿ 40ರ ಆಸುಪಾಸಿಗೂ ಇಳಿಯಬಹುದು. ಒಂದು ದಿನದ ಸಂಖ್ಯೆಗಿಂತ ವಾರಗಳ ಗೆರೆ ನೋಡಿ. ವ್ಯಾಯಾಮ ಮೈಗೆ ಹತ್ತಿದಂತೆ ಅದು ಮೆಲ್ಲಗೆ ಇಳಿಯುತ್ತದೆ. ಜ್ವರ, ನಿದ್ದೆಗೇಡು, ನೀರು ಕಡಿಮೆ ಕುಡಿದದ್ದು ಅದನ್ನು ಏರಿಸುತ್ತವೆ.

220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಅನ್ನುವ ಲೆಕ್ಕವನ್ನು ಹಲವು ಆಪ್‌ಗಳು ಬಳಸುತ್ತವೆ. ಅದು ಸರಾಸರಿ ಮಾತ್ರ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಬಡಿತ ಏರುವುದೇ ಕಡಿಮೆ. ಅವರು ಈ ಲೆಕ್ಕದಿಂದ ಆಪ್ ತೋರಿಸುವ ಬಡಿತದ ಬಣ್ಣದ ವಲಯ ಮುಟ್ಟಲು ಹೋಗಿ ಸುಸ್ತಾಗಬಾರದು. ಅವರಿಗೆ ಮಾತಾಡಿ ನೋಡುವ ಪರೀಕ್ಷೆಯೇ ವಾಸಿ.

ಕ್ಯಾಲೊರಿ ಲೆಕ್ಕವನ್ನು ಪರದೆಯಿಂದಲೇ ತೆಗೆದುಬಿಡಿ ಅನ್ನುತ್ತೇನೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಏಳು ಬ್ಯಾಂಡ್‌ಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಏಳರಲ್ಲಿ ಆರು ಎದೆಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಅಳೆದವು. ಕ್ಯಾಲೊರಿಯಲ್ಲಿ ಅತಿ ಒಳ್ಳೆಯದೇ ಸರಾಸರಿ ಶೇ 27 ತಪ್ಪಿತು, ಅತಿ ಕೆಟ್ಟದ್ದು ಶೇ 93. ಇದನ್ನು ನಂಬಿ ಊಟ ಹೆಚ್ಚು ಕಡಿಮೆ ಮಾಡಲಾಗದು.

ನಿದ್ದೆಯ ಹಂತಗಳೂ ಅಷ್ಟೇ. ಪ್ರಯೋಗಾಲಯದಲ್ಲಿ ಅದನ್ನು ಮಿದುಳಿನ ಅಲೆ ನೋಡಿ ಗುರುತಿಸುತ್ತಾರೆ. ಕೈಯ ಅಲುಗಾಟ ಮತ್ತು ಬಡಿತದಿಂದ ಬ್ಯಾಂಡ್ ಮಾಡುವುದು ಅಂದಾಜು. ಎಚ್ಚರವಾಗಿ ಅಲುಗದೆ ಮಲಗಿದರೂ ನಿದ್ದೆ ಅಂತ ಬರೆದುಕೊಳ್ಳುತ್ತದೆ. ಮಲಗಿದ ಹೊತ್ತು, ಎದ್ದ ಹೊತ್ತು ನೋಡಲು ಸಾಕು. ಎದೆನೋವು, ತಲೆಸುತ್ತು, ತಡೆಯಲಾಗದ ಉಬ್ಬಸ ಬಂದರೆ ಬ್ಯಾಂಡ್ ನೋಡುತ್ತಾ ನಿಲ್ಲಬೇಡಿ. ಅದು ಎಷ್ಟೇ ಒಳ್ಳೆಯ ಸಂಖ್ಯೆ ತೋರಿಸಲಿ, ನಿಂತು ಸಹಾಯ ಕೇಳಿ.

ಚರ್ಮ ಕೆಂಪಾದರೆ ಹೆಚ್ಚಿನ ಸಲ ಕಾರಣ ಪಟ್ಟಿಯ ಅಡಿ ಉಳಿದ ಬೆವರು, ಸೋಪು. ಪಟ್ಟಿ ತೊಳೆದು, ಪೂರ್ತಿ ಒಣಗಿಸಿ, ಒಂದೆರಡು ದಿನ ಇನ್ನೊಂದು ಕೈಗೆ ಕಟ್ಟಿ. ಮತ್ತೆ ಬಂದರೆ ಬೇರೆ ವಸ್ತುವಿನ ಪಟ್ಟಿ ಹುಡುಕಿ.

ಇನ್ನು ಗುರಿ ಏರಿಸಿದ ಮೇಲೆ ಮೈಯ ಮಾತನ್ನೂ ಕೇಳಬೇಕು. ನಡೆದ ದಿನ ಸ್ವಲ್ಪ ನೋವು ಇದ್ದರೆ ಪರವಾಗಿಲ್ಲ. ಮರುದಿನ ಬೆಳಗ್ಗೆ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ, ಅಥವಾ ಮಂಡಿ ಊದಿದ್ದರೆ, ಹಿಂದಿನ ವಾರದ ಸಂಖ್ಯೆಗೆ ಇಳಿಯಿರಿ. ಆಪ್ ತೆರೆದು ಗುರಿಯನ್ನೂ ಕೈಯಾರೆ ಇಳಿಸಿ. ಇಲ್ಲದಿದ್ದರೆ ರಾತ್ರಿ ಹೊತ್ತಿಗೆ ಬ್ಯಾಂಡ್ "ಇನ್ನೂ 800 ಬಾಕಿ" ಅನ್ನುತ್ತದೆ, ನೀವು ನೋಯುವ ಮಂಡಿಯಲ್ಲೇ ಮನೆಯ ಹಾಲ್‌ನಲ್ಲಿ ಸುತ್ತುತ್ತೀರಿ. ಎರಡು ವಾರ ಇಳಿಸಿ ನೋಡಿಯೂ ಊತ ಹೋಗದಿದ್ದರೆ ನಮ್ಮಂಥವರ ಬಳಿ ಬನ್ನಿ. ಬರುವಾಗ ಫೋನಿನಲ್ಲಿ ಆ ವಾರಗಳ ಹೆಜ್ಜೆ ಲೆಕ್ಕ ತೆರೆದಿಟ್ಟುಕೊಂಡು ಬನ್ನಿ. ನೋವು ಯಾವ ದಿನ ಶುರುವಾಯಿತು, ಅದರ ಹಿಂದಿನ ದಿನ ಎಷ್ಟು ನಡೆದಿದ್ದಿರಿ, ನಾನು ಮೊದಲು ಕೇಳುವುದು ಅದನ್ನೇ.