ಕ್ಲಾವಿಕಾರ್ಡ್ ಕಟ್ಟಿದ ಎರಡು ವರ್ಷ

ಚಿಕ್ಕವನಿದ್ದಾಗ ಮೈಸೂರಿನಲ್ಲಿ ಅಮ್ಮನ ಹತ್ತಿರ ವೀಣೆ ಕಲಿತೆ. ಕೆಲಸಕ್ಕೆಂದು ಎಡಿನ್‌ಬರೋಗೆ ಬಂದ ಮೇಲೆ ಅದು ಬಿಟ್ಟೇ ಹೋಗಿತ್ತು. ಒಂದು ಶನಿವಾರ ಮಳೆ ಜೋರಾಯಿತೆಂದು ಸೇಂಟ್ ಸಿಸಿಲಿಯಾಸ್ ಹಾಲ್ ಒಳಗೆ ಹೋದೆ. ಹಳೆಯ ಕೀಬೋರ್ಡ್ ವಾದ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ. ಹ್ಯಾಂಬರ್ಗಿನ ಯೋಹಾನ್ ಅಡಾಲ್ಫ್ ಹಾಸ್ 1763ರಲ್ಲಿ ಮಾಡಿದ, ಕ್ಲಾವಿಕಾರ್ಡ್ ಎಂಬ ತಂತಿವಾದ್ಯದ ಮುಂದೆ ತುಂಬಾ ಹೊತ್ತು ನಿಂತೆ. ಆ ಕಟ್ಟಡವೂ 1763ರದ್ದೇ.

ಹಾರ್ಪ್ಸಿಕಾರ್ಡ್ ಎಂಬ ಇನ್ನೊಂದು ಹಳೆಯ ಕೀಬೋರ್ಡ್ ವಾದ್ಯದಲ್ಲಿ ಗರಿಯ ತುಂಡು ತಂತಿಯನ್ನು ಮೀಟಿ ದಾಟಿಹೋಗುತ್ತದೆ. ಪಿಯಾನೋದಲ್ಲಿ ಸುತ್ತಿಗೆ ಹೊಡೆದು ಹಿಂದೆ ಬೀಳುತ್ತದೆ. ಕ್ಲಾವಿಕಾರ್ಡ್ ಹಾಗಲ್ಲ. ಕೀಯ ಹಿಂತುದಿಯಲ್ಲಿ ಹಿತ್ತಾಳೆಯ ಪುಟ್ಟ ಪಟ್ಟಿಯೊಂದು ನೆಟ್ಟಗೆ ನಿಂತಿರುತ್ತದೆ. ಅದಕ್ಕೆ ಟ್ಯಾಂಜೆಂಟ್ ಅಂತಾರೆ. ಕೀ ಒತ್ತಿದರೆ ಅದು ತಂತಿಗೆ ತಾಗಿ, ಬೆರಳು ಎತ್ತುವ ತನಕ ಅಲ್ಲೇ ನಿಲ್ಲುತ್ತದೆ. ವೀಣೆಯ ಮೆಟ್ಟಿಲು ಮಾಡುವ ಕೆಲಸ, ಮೀಟು ಮಾಡುವ ಕೆಲಸ ಎರಡೂ ಅದರದ್ದೇ. ಒತ್ತಿದ ಕೀಯನ್ನು ಇನ್ನೂ ಸ್ವಲ್ಪ ಅದುಮಿದರೆ ತಂತಿ ಬಿಗಿಯಾಗಿ ಸ್ವರ ಮೇಲೇರುತ್ತದೆ. ನಾವು ವೀಣೆಯಲ್ಲಿ ತಂತಿ ಎಳೆದಾಗಲೂ ಸ್ವರ ಮೇಲಕ್ಕೇ ಹೋಗೋದು, ಅಲ್ವಾ? ಹೀಗೆ ಮತ್ತೆ ಮತ್ತೆ ಅದುಮಿದರೆ ಸ್ವರ ನಡುಗುತ್ತದೆ. ಜರ್ಮನರು ಈ ನಡುಕಕ್ಕೆ ಬೇಬುಂಗ್ ಎನ್ನುತ್ತಾರೆ. ಇದನ್ನು ತಿಳಿದ ದಿನವೇ ಒಂದು ಕ್ಲಾವಿಕಾರ್ಡ್ ಕಟ್ಟಬೇಕು ಅನ್ನಿಸಿಬಿಟ್ಟಿತು.

ಹಾಸ್ ವಾದ್ಯ ದೊಡ್ಡದು, ನನ್ನ ಕೈಗೆ ನಿಲುಕುವಂಥದ್ದಲ್ಲ. 45 ಕೀಗಳ ಚಿಕ್ಕದೊಂದರ ನಕ್ಷೆ ಹಿಡಿದು ಶುರು ಮಾಡಿದೆ. ಪೆಟ್ಟಿಗೆಯ ಕೆಲಸ ಸುಲಭ, ಮರಗೆಲಸ ಗೊತ್ತಿದ್ದವರಿಗೆ ಎರಡು ತಿಂಗಳು ಸಾಕು. ಕೀಗಳನ್ನು ಒಂದೊಂದಾಗಿ ಮಾಡುವುದಿಲ್ಲ. ಒಂದೇ ಹಲಗೆಯ ಮೇಲೆ ಎಲ್ಲವನ್ನೂ ಗೆರೆ ಎಳೆದು, ತೂತು ಕೊರೆದು, ಕೊನೆಗೆ ಗರಗಸದಿಂದ ಬೇರೆ ಬೇರೆ ಮಾಡಬೇಕು. ಹಾಗೆ ಕೊಯ್ದ ಕೀಗಳು ಪಕ್ಕಪಕ್ಕ ಸರಿಯಾಗಿ ಕೂರುತ್ತವೆ.

ನನಗೆ ಪಾಠ ಕಲಿಸಿದ್ದು ನಾದದ ಹಲಗೆ, ಅಂದರೆ ತಂತಿಯ ಸದ್ದನ್ನು ಹೊರಗೆ ಕೇಳಿಸುವ ತೆಳು ಹಲಗೆ. ಅದು ಸ್ಪ್ರೂಸ್ ಮರದ್ದು, ದಪ್ಪ ಸುಮಾರು 3 ಮಿಲಿಮೀಟರ್. ತೋಪಡ ಹೊಡೆಯುತ್ತಾ, ಆಗಾಗ ಗೆಣ್ಣಿನಿಂದ ತಟ್ಟಿ ಕೇಳುತ್ತಾ ತೆಳುವು ಮಾಡಿದೆ. ಆಗಸ್ಟ್ ತಿಂಗಳ ಮಳೆಯ ದಿನ ಚರ್ಮದ ಅಂಟು ಬಿಸಿ ಮಾಡಿ ಅಂಟಿಸಿಬಿಟ್ಟೆ. ಜನವರಿಯಲ್ಲಿ ಮನೆಯ ಹೀಟರ್ ಹಗಲೂ ರಾತ್ರಿ ಉರಿಯುತ್ತಿತ್ತು. ಒಂದು ರಾತ್ರಿ ಟಕ್ ಅಂತ ಸದ್ದಾಯಿತು. ಎದ್ದು ನೋಡಿದರೆ ಎಳೆಯ ಉದ್ದಕ್ಕೂ ಒಂದು ಗೇಣು ಬಿರುಕು. ಒದ್ದೆ ಗಾಳಿಯಲ್ಲಿ ಉಬ್ಬಿದ್ದ ಮರವನ್ನು ಹಾಗೇ ಕಟ್ಟಿಹಾಕಿದ್ದೆ. ಚಳಿಗಾಲದಲ್ಲಿ ಒಣಗಿ ಕುಗ್ಗಲು ಅದಕ್ಕೆ ಜಾಗವೇ ಇರಲಿಲ್ಲ. ಅಂಟಿಸುವ ಮುಂಚೆ ಹಲಗೆಯನ್ನು ಬೆಚ್ಚಗಿನ ಒಣ ಕೋಣೆಯಲ್ಲಿ ಹಲವು ದಿನ ಇಡಬೇಕು. ದಯವಿಟ್ಟು ಇದನ್ನು ಮರೆಯಬೇಡಿ. ಬಿರುಕಿಗೆ ಸ್ಪ್ರೂಸಿನದೇ ತೆಳ್ಳನೆಯ ಸೀಳು ತುಂಬಿ, ಅಂಟಿಸಿ, ಸಮ ಮಾಡಿದೆ. ಈಗಲೂ ಬೆರಳಾಡಿಸಿದರೆ ಗೊತ್ತಾಗುತ್ತದೆ.

ಆಮೇಲೆ ಟ್ಯಾಂಜೆಂಟ್. ಚಿಕ್ಕ ವಾದ್ಯದಲ್ಲಿ ಎಲ್ಲ ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಸಿ ಮತ್ತು ಅದರ ಪಕ್ಕದ ಮೇಲಿನ ಸ್ವರ ಸಿ ಶಾರ್ಪ್ ಒಂದೇ ಜೋಡಿ ತಂತಿಯನ್ನು ಬೇರೆ ಬೇರೆ ಜಾಗದಲ್ಲಿ ಮುಟ್ಟುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮೇಲಿನದು ಮಾತ್ರ ಕೇಳಿಸುತ್ತದೆ. ಹಾಗಾಗಿ ಎರಡು ಸ್ವರಗಳ ನಡುವಿನ ಅಂತರ ಬಿರಡೆ ತಿರುಗಿಸಿದರೆ ಸರಿಯಾಗುವುದಿಲ್ಲ, ಟ್ಯಾಂಜೆಂಟ್ ನಿಂತ ಜಾಗದಲ್ಲೇ ಅದು ತೀರ್ಮಾನವಾಗಿರುತ್ತದೆ. ಚಿಮ್ಮಟದಂಥ ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಬಗ್ಗಿಸಬೇಕು, ಕೇಳಬೇಕು, ಮತ್ತೆ ಬಗ್ಗಿಸಬೇಕು. ವೀಣೆಗೆ ಮೇಣದ ಮೇಲೆ ಮೆಟ್ಟಿಲು ಕೂರಿಸುವುದನ್ನು ಅಮ್ಮನ ಜೊತೆ ಕೂತು ನೋಡಿದ್ದೆ. ಅದೇ ಕೆಲಸ, ಅದೇ ತಾಳ್ಮೆ. ಮೂರು ವಾರ ಹಿಡಿಯಿತು. ಎಡಗಡೆ ತಂತಿಗಳ ನಡುವೆ ಉಣ್ಣೆ ಬಟ್ಟೆಯ ಪಟ್ಟಿ ನೇಯುವುದೂ ಇದೆ. ಬೆರಳೆತ್ತಿದ ಕೂಡಲೇ ತಂತಿ ಸುಮ್ಮನಾಗುವುದು ಅದರಿಂದಲೇ.

ಇದರ ಸದ್ದು ತೀರಾ ಮೆಲ್ಲಗೆ. ಪಕ್ಕದ ಕೋಣೆಯಲ್ಲಿ ಫ್ಯಾನ್ ತಿರುಗಿದರೂ ಮುಚ್ಚಿಹೋಗುತ್ತದೆ. ಕೆಲವರಿಗೆ ಅದು ಕೊರತೆ ಅನ್ನಿಸಬಹುದು, ನನಗೆ ಹಾಗನ್ನಿಸಿಲ್ಲ. ಜರ್ಮನ್ ಸಂಗೀತಗಾರ ಸಿ. ಪಿ. ಇ. ಬಾಖ್ 1753ರಲ್ಲೇ, ಕೀಬೋರ್ಡ್ ನುಡಿಸುವವರನ್ನು ಅಳೆಯಬೇಕಾದ್ದು ಕ್ಲಾವಿಕಾರ್ಡಿನ ಮೇಲೆ ಎಂದು ಬರೆದಿದ್ದ. ಒತ್ತಡ ಚೂರು ಜಾಸ್ತಿಯಾದರೂ ಶ್ರುತಿ ಕೆಡುತ್ತದೆ, ಬೆರಳಿನ ತಪ್ಪು ಮುಚ್ಚಿಡಲು ಆಗುವುದೇ ಇಲ್ಲ.

ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ನುಡಿಸಿದಾಗ ಅವರಿಗೆ ಏನೂ ಕೇಳಿಸಲಿಲ್ಲ. ಫೋನು ಅದನ್ನು ಗದ್ದಲ ಎಂದುಕೊಂಡು ಅಳಿಸಿಹಾಕಿತ್ತು. ಕಳೆದ ಜೂನ್‌ನಲ್ಲಿ ಅವರೇ ಬಂದರು. ಕಿಟಕಿ ಮುಚ್ಚಿ, ಫ್ರಿಜ್ ಆಫ್ ಮಾಡಿ ಕೂರಿಸಿದೆ. ಶಂಕರಾಭರಣದ ಸ್ವರಗಳನ್ನು ಒಂದೊಂದಾಗಿ ಒತ್ತುತ್ತಾ ಬಂದರು. ಮಧ್ಯಮಕ್ಕೆ ಬಂದಾಗ ಅಭ್ಯಾಸದಂತೆ ಅವರ ಬೆರಳು ಅದುಮಿ ನಡುಗಿತು. ಸ್ವರವೂ ನಡುಗಿತು. ಅವರು ಕೈ ತೆಗೆಯದೆ ನನ್ನ ಕಡೆ ನೋಡಿ, "ಇದು ಬಗ್ಗುತ್ತೆ ಕಣೋ!" ಎಂದರು.