ನಿಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ

‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ನನ್ನ ಹೆಣ್ಣು ನಾಯಿ ಸಾಧುವೇ. ಆದರೂ ಅದರ ಊಟದ ತಟ್ಟೆಯ ಬಳಿ ಮಗು ಬಂದರೆ ನಾಯಿಯ ಮೈ ಬಿಗಿಯುತ್ತದೆ, ಕಣ್ಣಿನ ಬಿಳಿಭಾಗ ಕಾಣುತ್ತದೆ. ಆ ಕ್ಷಣವೇ ಮಗುವನ್ನು ದೂರ ಕರೆಯಬೇಕು. ನಾಯಿ ಗುರ್ ಎಂದರೆ ಗದರಬೇಡಿ. ಎಚ್ಚರಿಕೆ ಕೊಡುವುದನ್ನೇ ಬಿಟ್ಟೀತು.

ಕಚ್ಚಿಬಿಟ್ಟರೆ ಮೊದಲು ಅದನ್ನು ಕಟ್ಟಿಹಾಕಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಸಿ, ಚಿಕ್ಕ ಗಾಯವೆಂದು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ. ನಾಯಿಯ ಲಸಿಕೆಯ ದಾಖಲೆ ತೋರಿಸಿ. ರೇಬೀಸ್ ಲಕ್ಷಣ ಕಾಣುತ್ತದೆಯೇ ಎಂದು 10 ದಿನ ನಾಯಿಯ ಮೇಲೆ ಕಣ್ಣಿಡಿ.

ಹೊಣೆಯ ಕಾನೂನು ಎಲ್ಲೆಡೆ ಒಂದೇ ಅಲ್ಲ. ಕೆಲವೆಡೆ ಮೊದಲ ಕಡಿತಕ್ಕೇ ಮಾಲೀಕರು ಪರಿಹಾರ ಕೊಡಬೇಕು. ಕೆಲವೆಡೆ ನಾಯಿಯ ಸ್ವಭಾವ ಅವರಿಗೆ ಮೊದಲೇ ಗೊತ್ತಿತ್ತೇ ಎಂದು ನೋಡುತ್ತಾರೆ. ವಿಮೆಯಿದ್ದರೆ ಕಂಪನಿಗೆ ಬೇಗ ತಿಳಿಸಿ.